ಅಕ್ಕನ ಮೈಮೇಲೆ ಎದ್ದದ್ದು

ನಮ್ಮ ಮಾವನಿಗೆ ಆ ಕಹಿ ಪುಡಿಯ ಮೇಲಿದ್ದ ಭಕ್ತಿ ಕೊರಳಲ್ಲಿನ ಲಿಂಗದ ಮೇಲಾದರೂ ಇತ್ತೋ ಇಲ್ಲವೋ, ನನಗೆ ಅನುಮಾನ. ಒಂದು ವರ್ಷ ಚಳಿಜ್ವರ ಹತ್ತಿ, ಹಾಸಿಗೆ ಹಿಡಿದು, ಇನ್ನು ಇವರು ಏಳುವವರಲ್ಲ ಎಂದು ಎಲ್ಲರೂ ಅನ್ನುತ್ತಿದ್ದಾಗ ಯಾರೋ ಕಿತ್ತೂರಿನ ಟಪಾಲು ಕಚೇರಿಯಿಂದ ಕ್ವಿನೈನಿನ ಸಣ್ಣ ಪೊಟ್ಟಣ ತಂದುಕೊಟ್ಟರಂತೆ. ನುಂಗಿದರು, ಬೆವರಿದರು, ಎದ್ದು ಕುಳಿತು ರೊಟ್ಟಿ ಕೇಳಿದರು. ಅಂದಿನಿಂದ ಕಿತ್ತೂರಿಗೆ ಹೋದಾಗಲೆಲ್ಲ ಪೊಟ್ಟಣ ತರುವುದು, ಪಡಸಾಲೆಯ ಗೋಡೆಯ ಮಾಡದಲ್ಲಿ ಕೂಡಿಡುವುದು, ದೇಗಾಂವದ ನಮ್ಮ ಓಣಿಯಲ್ಲಿ ಯಾರಿಗೆ ಮೈ ಬೆಚ್ಚಗಾದರೂ ಬೆಲ್ಲದ ಉಂಡೆಯಲ್ಲಿ ಅದನ್ನು ಹುದುಗಿಸಿ ತಾವೇ ಹೋಗಿ ನುಂಗಿಸಿ ಬರುವುದು. ಉಪಕಾರದ ಮನುಷ್ಯ. ಕೆಟ್ಟವರಾಗಿದ್ದರೆ ಬೈದುಕೊಂಡು ಹಗುರಾಗುತ್ತಿದ್ದೆ. ಅವರ ಮೇಲೆ ಇವತ್ತಿಗೂ ಸರಿಯಾಗಿ ಸಿಟ್ಟು ಬರುವುದಿಲ್ಲ, ಅದಕ್ಕೇ ನನಗೆ ಸಿಟ್ಟು.

ನಾನೂ ನನ್ನ ಅಕ್ಕನೂ ದೊಡವಾಡದ ಒಂದೇ ಮನೆಯಿಂದ ಈ ಮನೆಗೆ ಸೊಸೆಯರಾಗಿ ಬಂದವರು. ಅವಳನ್ನು ಹಿರಿಯ ಮಗನಿಗೆ ಕೊಟ್ಟರು, ಕೆಲವು ವರ್ಷ ಬಿಟ್ಟು ನನ್ನನ್ನು ಕಿರಿಯವನಿಗೆ. ಮನೆಯಲ್ಲಿ ಅವಳು ದೊಡ್ಡಾಕಿ, ನಾನು ಸಣ್ಣಾಕಿ. ನಾನು ಬಂದ ವರ್ಷವೇ ಬಸುರಾದೆ, ಗಂಡು ಹೆತ್ತೆ. ಅಕ್ಕನಿಗೆ ಮಕ್ಕಳಾಗಲಿಲ್ಲ. ಅದಕ್ಕಾಗಿ ಅತ್ತೆ ಅವಳನ್ನು ಗೊಡ್ಡೆಮ್ಮೆ ಎಂದು ಕರೆಯುತ್ತಿದ್ದಳು. ಕೂಗಿ ಅನ್ನುತ್ತಿದ್ದಳೆಂದಲ್ಲ, ನೀರು ತಾ, ಕಸ ಹೊಡಿ ಅನ್ನುವಷ್ಟೇ ಸಹಜವಾಗಿ ಅನ್ನುತ್ತಿದ್ದಳು. ನಮ್ಮ ಭಾವ, ಅಂದರೆ ಅಕ್ಕನ ಗಂಡ, ಇದ್ದೂ ಇಲ್ಲದಂಥ ಮನುಷ್ಯ. ಅವ್ವ ಅನ್ನುವುದನ್ನು ಕೇಳಿ ಎತ್ತಿನ ಕಡೆ ಎದ್ದು ಹೋಗುತ್ತಿದ್ದ. ಅಕ್ಕ ಮಾತ್ರ ನಗುತ್ತಿದ್ದಳು. ಅತ್ತೆ ಮರೆಯಾದ ಕೂಡಲೇ ಹಿತ್ತಲಿನಲ್ಲಿ ಕಟ್ಟಿದ್ದ ಎಮ್ಮೆಯ ಹತ್ತಿರ ಹೋಗಿ, "ಬಾರವ್ವಾ ತಂಗೀ, ನಿನಗೂ ಬೈದ್ರ ಏನ?" ಎಂದು ಅದರ ಹಣೆ ತುರಿಸುತ್ತಿದ್ದಳು. ನನ್ನ ಮಗ ಹಾಲು ಕುಡಿಯಲು ಮಾತ್ರ ನನ್ನ ಹತ್ತಿರ ಬರುತ್ತಿದ್ದ, ಉಳಿದಂತೆ ಅವಳ ಸೊಂಟ ಬಿಟ್ಟು ಇಳಿದವನಲ್ಲ.

ಆ ವರ್ಷ ಹಿಂಗಾರಿ ಮಳೆ ನಿಂತ ಮೇಲೆ ಊರಲ್ಲೆಲ್ಲ ಚಳಿಜ್ವರ. ಅಕ್ಕನಿಗೂ ಬಂತು. ಮಧ್ಯಾಹ್ನವಾಯಿತೆಂದರೆ ಹಲ್ಲು ಕಟಕಟ, ಮೇಲೆ ಕೌದಿಯ ಮೇಲೆ ಕೌದಿ ಹೊದಿಸಿದರೂ ನಡುಕ ನಿಲ್ಲದು. ಮಾವ ಬೆಲ್ಲದ ಉಂಡೆ ಹಿಡಿದುಕೊಂಡು ಬಂದರು. ಅವರು ಅಕ್ಕನಿಗೆ ಎಂದೂ ಒಂದು ಕೆಟ್ಟ ಮಾತು ಆಡಿದವರಲ್ಲ. ಆ ಮನೆಯಲ್ಲಿ "ನನ್ನ ಮಗಳ" ಎಂದು ಅವಳನ್ನು ಕರೆದವರು ಅವರೊಬ್ಬರೇ. ಅಕ್ಕ ನುಂಗಿದಳು. ಅವರು ಆಚೆ ಹೋದ ಮೇಲೆ ನಾಲಿಗೆ ಹೊರಗೆ ಹಾಕಿ ನನಗೆ ತೋರಿಸಿ, "ಬೆಲ್ಲಾನೂ ಹಾಳ ಮಾಡ್ಯಾರ ನೋಡ ಮಾವಾರು" ಅಂದಳು.

ಮರುದಿನ ಅವಳ ಮುಖ ಕೆಂಪಗೆ ಊದಿತ್ತು. ಕೈ ತುರಿಕೆ, ಕಾಲು ತುರಿಕೆ. ಮಾವ ಮತ್ತೊಂದು ಉಂಡೆ ಕೊಟ್ಟರು. ಸಂಜೆಯೊಳಗೆ ಎದೆ, ಬೆನ್ನು, ತೋಳು ಎಲ್ಲ ಕೆಂಪು ದದ್ದು, ಅಲ್ಲಲ್ಲಿ ಸಣ್ಣ ಗುಳ್ಳೆ. ಅತ್ತೆ ಬಂದು ಸೀರೆ ಸರಿಸಿ ನೋಡಿದಳು. ನೋಡಿದವಳೇ ಎರಡು ಹೆಜ್ಜೆ ಹಿಂದೆ ಸರಿದು ಕೈಮುಗಿದಳು. "ಅವ್ವಾ ತಾಯೀ! ಬಂದಿ ಏನ ನಮ್ಮ ಮನಿಗೆ!"

ದೇವಿ ಬಂದಳೆಂದರೆ ಮನೆಯ ನಡೆಯೇ ಬೇರೆ. ಸಿಡುಬು ಎಂಬ ಮಾತನ್ನು ಯಾರೂ ಬಾಯಿಂದ ಆಡುವುದಿಲ್ಲ. ಬಾಗಿಲಿಗೆ ಬೇವಿನ ತಪ್ಪಲು ಕಟ್ಟಬೇಕು, ಹಾಸಿಗೆಗೂ ಅದನ್ನೇ ಹಾಸಬೇಕು. ಒಲೆಯ ಮೇಲೆ ಒಗ್ಗರಣೆ ಸಿಡಿಯಬಾರದು. ಗಂಡಸರು ಹೊಲದ ಗುಡಿಸಲಿನಲ್ಲಿ ಮಲಗಬೇಕು. ಯಾರೂ ಎಣ್ಣೆ ಹಚ್ಚಿ ತಲೆ ಬಾಚಬಾರದು. ಎಲ್ಲಕ್ಕಿಂತ ಮುಖ್ಯವಾದದ್ದು, ಔಷಧ ಕೊಡಬಾರದು. ಕೊಡುವುದಿರಲಿ, ಆ ಶಬ್ದವನ್ನೇ ಹಾಸಿಗೆಯ ಮುಂದೆ ಎತ್ತಬಾರದು. ಮನೆಗೆ ತಾನಾಗಿ ಬಂದವಳನ್ನು ಔಷಧ ಹಾಕಿ ಓಡಿಸುತ್ತೀರಾ ಎಂದು ಅವಳು ಉರಿದು ಬೀಳುತ್ತಾಳೆಂದು ನಂಬಿಕೆ. ಹಾಸಿಗೆಯಲ್ಲಿ ಮಲಗಿದವಳು ಸೊಸೆಯಲ್ಲ, ಅವಳೇ ದೇವಿ. ಅವಳಿಗೆ ಬರ್ರಿ, ಹೋಗ್ರಿ, ತಗೋರಿ ಅನ್ನಬೇಕು. ಮುಖ ಎತ್ತಿ ಅವಳ ಮುಖ ನೋಡಬಾರದು.

ಹಾಗಾಗಿ ಮಾವನ ಪೊಟ್ಟಣಗಳು ಮಾಡದಲ್ಲೇ ಉಳಿದವು. ಓಣಿಯ ಹೆಂಗಸರು ಪಾಳಿ ಹಚ್ಚಿ ಬಂದು ಬೇವಿನ ಟೊಂಗೆಯಿಂದ ಅಕ್ಕನಿಗೆ ಗಾಳಿ ಹಾಕಿದರು. ಅತ್ತೆ ಮೊಸರನ್ನದ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತು, "ತಂಪಾಗ್ರಿ ತಾಯಿ, ಎರಡ ತುತ್ತ ಉಣ್ರಿ" ಎಂದು ಬೇಡಿಕೊಳ್ಳುವಳು. ಅವಳು ತಲೆತಗ್ಗಿಸಿ ನಿಂತಿದ್ದಾಗ ಅಕ್ಕ ನನ್ನ ಕಡೆ ಹುಬ್ಬು ಹಾರಿಸುತ್ತಿದ್ದಳು. ಆಮೇಲೆ ಪಿಸುಗುಟ್ಟುತ್ತಿದ್ದಳು: "ಕೇಳಿದಿ? ಅತ್ತಿ ನನಗ ಉಣ್ರಿ ಅನ್ನಾಕ ಹತ್ಯಾರ. ಇನ್ನೂ ಚೂರ ದಿನ ಇರಲೇಳ ದೇವಿ." ಮೈ ಉರಿಯುತ್ತಿತ್ತು, ಆದರೂ ನಗುತ್ತಿದ್ದಳು. ಬದುಕಿನಲ್ಲಿ ಒಂದು ಸಲ ಮರ್ಯಾದೆಯ ಮಾತು ಕೇಳಲು ಹೆಣ್ಣುಮಗಳ ಮೈ ಹೀಗೆ ಸುಲಿಯಬೇಕೇ?

ದದ್ದು ತಾನಾಗಿ ಇಳಿಯಿತು. ಜ್ವರವೂ ಬಿಟ್ಟಂತೆ ಕಂಡಿತು. ಅಂಗೈ ಅಂಗಾಲಿನ ಚರ್ಮ ಹಾಳೆ ಹಾಳೆಯಾಗಿ ಎದ್ದು ಬಂತು, ಒಳಗಿಂದ ಹೊಸ ಚರ್ಮ ಬಂದಿತ್ತು. ಒಂದು ಕಲೆ ಇಲ್ಲ. ಓಣಿಯವರು ಬಂದು ಬಂದು ನೋಡಿ, ದೇವಿ ಎಷ್ಟು ಶಾಂತವಾಗಿ ಬಂದು ಹೋದಳು ಎಂದು ಹೊಗಳಿದರು. ಅತ್ತೆ ಬೇವು ಅರಿಸಿನದ ನೀರು ಹಾಕಿ, ದೇವಿಯನ್ನು ಕಳಿಸಿಕೊಡಲು ಮೊಸರನ್ನದ ಬುಟ್ಟಿಯನ್ನು ಊರ ಗಡಿ ದಾಟಿಸಿ ಬಂದಳು. ಬರುತ್ತಲೇ, "ಏ ಗೊಡ್ಡೆಮ್ಮಿ, ಎದ್ದಿ ಅಲ್ಲ, ಅಂಗಳ ಸಾರಸು" ಅಂದಳು. ಅಕ್ಕ ನನ್ನನ್ನು ನೋಡಿ, "ಮುಗೀತ ನೋಡ ನನ್ನ ಜಾತ್ರಿ" ಅಂದಳು.

ನನಗೆ ಮಾತ್ರ ಒಂದು ಮಾತು ಕೊರೆಯುತ್ತಿತ್ತು. ದೊಡವಾಡದಲ್ಲಿ ನನ್ನ ಸಣ್ಣ ತಮ್ಮನಿಗೆ ದೇವಿ ಬಂದದ್ದನ್ನು ಕಣ್ಣಾರೆ ಕಂಡವಳು ನಾನು. ಮೊದಲು ಜ್ವರ ಸುಟ್ಟಿತು, ಆಮೇಲೆ ಮುಖದ ಮೇಲೆ ಒಂದೊಂದಾಗಿ ಎದ್ದವು, ಕಾಳಿನಷ್ಟಾದವು, ಕೀವು ತುಂಬಿತು, ಹೊಪ್ಪಳೆ ಕಟ್ಟಿತು. ಬದುಕಿದ, ಆದರೆ ಮುಖದ ತುಂಬ ಕುಳಿ ಉಳಿದವು. ಅಕ್ಕನಿಗೆ ಕೀವು ಎಲ್ಲಿ ಬಂತು? ಕುಳಿ ಎಲ್ಲಿ ಬಿತ್ತು? ಅವಳಿಗೆ ಪುಡಿ ನುಂಗಿದ ಮರುದಿನ ಎದ್ದದ್ದು, ಪುಡಿ ನಿಂತ ಮೇಲೆ ಇಳಿದದ್ದು. ಜೋಳ ಬೀಸುವಾಗ ಇದನ್ನು ಅತ್ತೆಯ ಕಿವಿಗೆ ಹಾಕಿದೆ. ಬೀಸುಕಲ್ಲಿನ ಗೂಟ ಬಿಟ್ಟು ಅವಳು ನನ್ನ ಬಾಯಿ ಮುಚ್ಚಿದಳು. "ನಾಲಗಿ ಬಿದ್ದ ಹೋದೀತು! ತಾಯಿ ಈಗರ ಗಡಿ ದಾಟ್ಯಾಳ, ಕೇಳಿಸ್ಕೊಂಡಾಳು!"

ಸ್ವಲ್ಪ ದಿನಕ್ಕೆ ಚಳಿಜ್ವರ ತಿರುಗಿ ಬಂತು. ಅದು ಹಾಗೆಯೇ, ಹೋದಂತೆ ಮಾಡಿ ಬರುವ ಜಾತಿಯದು. ಮಾವನಿಗೆ ಈಗ ಯಾವ ಅಡ್ಡಿಯೂ ಇರಲಿಲ್ಲ. ದೇವಿ ಗಡಿ ದಾಟಿದ್ದಳು, ಪುಡಿ ಕೊಡಬಹುದಾಗಿತ್ತು. ಹೋದ ಸಲ ದೇವಿ ಬಂದಿದ್ದರಿಂದ ಪುಡಿ ಪೂರಾ ಆಗಲಿಲ್ಲ, ಅದಕ್ಕೇ ಜ್ವರ ತಿರುಗಿತು ಎಂದು ಈ ಸಲ ಉಂಡೆಯನ್ನು ದೊಡ್ಡದಾಗಿಯೇ ಕಟ್ಟಿ ತಂದರು. ನಾನು ಅಕ್ಕನ ಕೈ ಹಿಡಿದೆ. "ಅಕ್ಕಾ, ತಿನ್ನಬ್ಯಾಡ. ಬಾಯಾಗ ಇಟ್ಟಂಗ ಮಾಡಿ ಉಗುಳಿ ಬಿಡು. ನಿನ್ನ ಮೈಗೆ ಅದು ಆಗೂದಿಲ್ಲ."

"ಹುಚ್ಚೀ, ಊರ ಮಂದಿ ಎಲ್ಲಾ ತಿಂದ ಅರಾಮ ಆಗ್ಯಾರ. ಮಾವಾರು ಕೈಯಾರೆ ಕೊಟ್ಟದ್ದನ್ನ ಹೆಂಗ ಉಗುಳಲಿ?" ಅಂದು ನುಂಗಿದಳು.

ಈ ಸಲ ಮರುದಿನದವರೆಗೂ ಕಾಯಲಿಲ್ಲ. ಹೊತ್ತು ಇಳಿಯುವುದರೊಳಗೆ ತುಟಿ ದಪ್ಪಗಾದವು, ಕಣ್ಣು ಕೆಂಡದಂತೆ ಆದವು. "ಬಾಯಾಗ ಬೆಂಕಿ ಹಾಕಿದಂಗ ಉರಿಯಾಕ ಹತ್ತೇತಿ" ಅಂದಳು. ಮರುದಿನ ಬಾಯೊಳಗೆಲ್ಲ ಹುಣ್ಣು, ನೀರು ಇಳಿಯಲೊಲ್ಲದು. ಕಣ್ಣಿನ ರೆಪ್ಪೆಗಳು ಅಂಟಿಕೊಂಡವು. ಮೈತುಂಬ ಕಪ್ಪು ಕೆಂಪು ಬಣ್ಣ, ಅದರ ಮೇಲೆ ದೊಡ್ಡ ದೊಡ್ಡ ಬೊಬ್ಬೆ. ಕೈ ಊದಿದ್ದವೆಂದು ನಾನು ಬಳೆ ತೆಗೆಯಲು ಹೋದೆ. ಬಳೆಯ ಜೊತೆಗೆ ಮಣಿಕಟ್ಟಿನ ಚರ್ಮವೂ ಜಾರಿ ಬಂತು. ಅಕ್ಕ ಕೂಗಲಿಲ್ಲ, ಕೂಗಲು ಬಾಯಿ ಇರಲಿಲ್ಲ. ನಾನೇ ಕೂಗಿದೆ.

ಅತ್ತೆಗೆ ದೇವಿ ತಿರುಗಿ ಬಂದದ್ದರ ಬಗ್ಗೆ ಅನುಮಾನವೇ ಇರಲಿಲ್ಲ. ಒಮ್ಮೆ ಬಂದವರಿಗೆ ದೇವಿ ಮತ್ತೆ ಬರುವುದಿಲ್ಲ ಎಂದು ಊರಿಗೆಲ್ಲ ಗೊತ್ತು. ಬಂದಳೆಂದರೆ ಸಿಟ್ಟಾಗಿಯೇ ಬಂದಿರಬೇಕು. ಹಾಗಾದರೆ ತಪ್ಪು ಯಾರದು? ದೇವಿಯನ್ನು ಕಳಿಸಿದ ದಿನವೇ ನಾನು ಸಾರಿಗೆ ಒಗ್ಗರಣೆ ಹಾಕಿದ್ದೆ. ಮುಗಿಯಿತು ನನ್ನ ಕಥೆ. "ಈ ಸಣ್ಣಾಕಿ ಸಾಸವಿ ಸಿಡಿಸಿದ್ಲು, ತಾಯಿ ಗಡಿಯಿಂದ ಹೊಳ್ಳಿ ಬಂದ್ಲು" ಎಂದು ಬಂದಬಂದವರ ಮುಂದೆಲ್ಲ ಹೇಳಿದಳು. ಸವದತ್ತಿಯ ದೇವಿಯ ಗುಡ್ಡಕ್ಕೆ ಬರುವ ಹುಣ್ಣಿಮೆಗೆ ಬರುತ್ತೇವೆಂದು ಹರಕೆ ಹೊತ್ತಳು. ಮತ್ತೆ ಬೇವು, ಮತ್ತೆ ಹೆಂಗಸರ ಪಾಳಿ. ಗಾಳಿ ನಿಂತರೆ ಅಕ್ಕನಿಗೆ ತಡೆಯಲಾಗುತ್ತಿರಲಿಲ್ಲ. ಸುಲಿದ ಮೈಮೇಲೆ ನೊಣ ಕೂಡುತ್ತಿದ್ದವು.

ನಾನು ನನ್ನ ಗಂಡನನ್ನು ಹೊಲದ ಗುಡಿಸಲಿಗೆ ಹೋಗಿ ಹಿಡಿದೆ. ಎಲ್ಲವನ್ನೂ ಹೇಳಿದೆ. ಅವರು ಅಣ್ಣನಂತಲ್ಲ, ಕಿವಿ ಇದ್ದ ಮನುಷ್ಯ. "ಅವ್ವ ಬಡಕೋತಾಳ" ಅಂದರು. "ಬಡಕೊಳ್ಳಲಿ. ನೀವು ಈಗ ಹೋಗಲಿಲ್ಲಂದ್ರ ನಮ್ಮಕ್ಕ ಸಾಯತಾಳ" ಅಂದೆ. ಚಕ್ಕಡಿ ಕಟ್ಟಿಕೊಂಡು ಬೈಲಹೊಂಗಲಕ್ಕೆ ಹೋಗಿ, ಸರ್ಕಾರಿ ದವಾಖಾನೆಯ ಡಾಕ್ಟರರ ಕೈಕಾಲು ಹಿಡಿದು ಕರೆದುಕೊಂಡೇ ಬಂದರು.

ಡಾಕ್ಟರರು ಧಾರವಾಡದ ಕಡೆಯವರು. ಕೋಟು ಧೋತ್ರ, ತಲೆಗೆ ರುಮಾಲು, ವಯಸ್ಸಾದವರು. ಅತ್ತೆ ಹೊಸ್ತಿಲಲ್ಲೇ ಅಡ್ಡ ನಿಂತಳು. "ದೇವರ ಮನಿ ಇದ್ದಂಗ ಐತ್ರಿ, ಕಾಲ ತೊಳಕೊಂಡ ಬರ್ರಿ" ಅಂದಳು. ಅವರು ಕಾಲು ತೊಳೆದುಕೊಂಡು ಬಂದು ಅಕ್ಕನ ಪಕ್ಕದಲ್ಲಿ ಕೂತರು. ನಾನು ಅಡುಗೆಮನೆಯ ಬಾಗಿಲ ಹಿಂದಿದ್ದೆ. ಅವರು ಅಕ್ಕನ ತೋಳು ನೋಡಿದರು, ಸಿಡುಬು ಬಾರದಿರಲೆಂದು ಚಿಕ್ಕಂದಿನಲ್ಲಿ ಮೈಲಿ ಹಾಕಿಸಿದ ಗುರುತು ಹುಡುಕಿ ಕಂಡುಕೊಂಡರು. ಕಣ್ಣಿನ ರೆಪ್ಪೆಯನ್ನು ಒದ್ದೆ ಬಟ್ಟೆಯಿಂದ ಬಿಡಿಸಿದರು. ಬಾಯೊಳಗೆ ನೋಡಿದರು. ಬೊಬ್ಬೆ ಇಲ್ಲದ ಜಾಗದಲ್ಲಿ ಬೆರಳಿಟ್ಟು ಸ್ವಲ್ಪವೇ ಒತ್ತಿ ಸರಿಸಿದರು. ಒಳ್ಳೆಯದಾಗಿ ಕಾಣುತ್ತಿದ್ದ ಆ ಚರ್ಮವೂ ಬೆರಳಿನ ಸಂಗಡ ಸರಿಯಿತು. ಅವರು ಬೆರಳನ್ನು ಹಾಗೆಯೇ ಮೇಲೆತ್ತಿ ಹಿಡಿದುಕೊಂಡು ಕೂತರು.

"ಇದು ದೇವಿ ಅಲ್ಲ" ಅಂದರು. "ದೇವಿ ಹಿಂಗ ಒಮ್ಮಿಗೇ ಏಳೂದಿಲ್ಲ. ಏನರ ಔಷಧ ಕೊಟ್ಟೀರೇನು ಈಕಿಗೆ? ಗಿಡಮೂಲಿಕಿ, ರಸ, ಭಸ್ಮ, ಏನರ?"

ಅತ್ತೆ ಎರಡೂ ಕೆನ್ನೆಗೆ ಬಡಿದುಕೊಂಡಳು. "ಶಿವ ಶಿವಾ! ತಾಯಿ ಮುಂದ ಆ ಮಾತ ತಗೀಬ್ಯಾಡ್ರಿ. ಒಂದ ಚೂರ ಸೈತ ಕೊಟ್ಟಿಲ್ಲ." ಅವಳು ಸುಳ್ಳು ಹೇಳುತ್ತಿದ್ದೇನೆ ಎಂದುಕೊಂಡಿರಲಿಲ್ಲ, ಇದನ್ನು ನಾನು ಅವಳ ಪರವಾಗಿ ಒಪ್ಪಬೇಕು. ದೇವಿಯ ಹಾಸಿಗೆಯ ಮುಂದೆ ಹೌದು ಅನ್ನಲು ಅವಳಿಗೆ ಬಾಯಿಯೇ ಬರುವಂತಿರಲಿಲ್ಲ. ಮಾವ ಕಂಬಕ್ಕೆ ಒರಗಿ ನೆಲ ನೋಡುತ್ತಿದ್ದರು. ಅವರಿಗೂ ಹಾಗೆಯೇ.

ಡಾಕ್ಟರರು ಮತ್ತೊಮ್ಮೆ ಕೇಳಿದರು. ಮತ್ತೊಮ್ಮೆ ಅದೇ ಉತ್ತರ. ಅವರು ತಲೆ ಅಲ್ಲಾಡಿಸಿ, "ಹಂಗಾರ ಏನೋ ತಿಳೀವಲ್ದು. ಮೊದಲ ಈ ಜ್ವರಾ ಇಳಸೋಣ" ಎನ್ನುತ್ತ ಚೀಲ ತೆಗೆದರು. ಒಂದು ಶೀಶೆಯಿಂದ ಬಿಳಿ ಪುಡಿಯನ್ನು ಕಾಗದಕ್ಕೆ ತಟ್ಟಿದರು. ಬಾಗಿಲ ಸಂದಿನಿಂದ ಆ ಪುಡಿ ನನಗೆ ಕಂಡಿತು. ಸೆರಗು ತಲೆಯ ಮೇಲಿತ್ತೋ ಜಾರಿತ್ತೋ, ನಾನು ಪಡಸಾಲೆಯ ನಡುವೆ ಬಂದು ನಿಂತಿದ್ದೆ.

"ಸಾಹೇಬ್ರ, ಅದು ಕಹಿ ಪುಡಿ ಏನ್ರಿ? ಕ್ವಿನೈನಾ? ಅದನ್ನ ಕೊಟ್ಟ ಮ್ಯಾಲೇನ ಹಿಂಗಾತ್ರಿ. ಹೋದ ಸಲಾನೂ ಅದನ್ನ ಕೊಟ್ಟ ಮ್ಯಾಲೇನ ಆಗಿತ್ರಿ."

ಅತ್ತೆ ನನ್ನ ಜುಟ್ಟು ಹಿಡಿಯಲು ಬಂದಳು. ಡಾಕ್ಟರರು ಕೈ ಅಡ್ಡ ಹಿಡಿದರು. ಕಾಗದವನ್ನು ಮಡಿಚಿ ಚೀಲಕ್ಕೆ ಹಾಕಿದರು. ಆಮೇಲೆ ನನ್ನನ್ನೇ ಕೇಳತೊಡಗಿದರು. ಮೊದಲ ಸಲ ಪುಡಿ ಕೊಟ್ಟ ಎಷ್ಟು ಹೊತ್ತಿಗೆ ಎದ್ದಿತು? ಪುಡಿ ನಿಲ್ಲಿಸಿದ ಮೇಲೆ ತಾನಾಗಿ ಇಳಿಯಿತೇ? ಚರ್ಮ ಹೇಗೆ ಬಿಟ್ಟಿತು, ಹೊಪ್ಪಳೆಯಾಗಿಯೋ ಹಾಳೆಯಾಗಿಯೋ? ಕುಳಿ ಬಿದ್ದವೇ? ಎರಡನೆಯ ಸಲ ಮೊದಲಿಗಿಂತ ಬೇಗ ಬಂತೇ? ನಾನು ಒಂದೊಂದಕ್ಕೂ ಹೇಳಿದೆ. ಅವರು ಕೊನೆಗೆ ಮಾವನ ಕಡೆ ತಿರುಗಿದರು.

"ಯಜಮಾನ್ರ, ಈ ಪುಡಿ ಒಳ್ಳೇದು, ನಿಮ್ಮ ತಪ್ಪಲ್ಲ. ಸಾವಿರ ಮಂದಿಗೆ ಜೀವಾ ಕೊಡತದ. ಎಲ್ಲೋ ಒಬ್ಬರ ಮೈಗೆ ಅದು ವಿಷ ಆಗತದ. ಯಾರ ಮೈ ಅಂತ ಮೊದಲ ತಿಳಿಯೂ ದಾರಿ ನಮಗ ಇಲ್ಲ. ಒಮ್ಮೆ ಎದ್ದ ಮ್ಯಾಲೆ ಮತ್ತ ಕೊಡಬಾರದಿತ್ತು, ಅಷ್ಟ. ಆದರ ಮೊದಲ ಸಲ ಎದ್ದದ್ದನ್ನ ನೀವು ದೇವಿ ಅಂದ್ರಿ. ದೇವಿ ಅಂತ ಪುಡಿ ನಿಲ್ಲಿಸಿದ್ರಿ, ಉಳಕೊಂಡಳು. ದೇವಿ ಹೋದಳು ಅಂತ ಮತ್ತ ಕೊಟ್ಟ್ರಿ."

"ಈಗ ಏನ ಮಾಡೂದ್ರಿ?" ಅಂದರು ನನ್ನ ಗಂಡ.

ಡಾಕ್ಟರರು ಅಂಗಳಕ್ಕೆ ನಡೆದರು. ನಾನು ಹಿಂದೆಯೇ ಹೋದೆ. ಎಳೆ ಬಾಳೆ ಎಲೆಗೆ ಎಣ್ಣೆ ಸವರಿ ಹಾಸಿ, ಕುದಿಸಿ ಆರಿಸಿದ ನೀರನ್ನು ಬಟ್ಟೆಯ ತುದಿಯಿಂದ ಬಾಯಿಗೆ ಹಿಂಡಿ, ನೊಣ ಕೂಡಗೊಡಬೇಡಿ, ಗಾಳಿ ಹಾಕುತ್ತಲೇ ಇರಿ ಎಂದರು. "ಇದನ್ನ ಇಳಸೂ ಔಷಧ ನನ್ನ ಕಡೆ ಇಲ್ಲವ್ವಾ. ಬೆಳಗಾವಿಯೊಳಗೂ ಇಲ್ಲ, ಮುಂಬಯಿಯೊಳಗೂ ಇಲ್ಲ. ಚಕ್ಕಡಿಯೊಳಗ ಹಾಕಿದ್ರ ಈಕಿ ದಾರಿಯೊಳಗ ಹೋಗತಾಳ" ಅಂದರು. ಬೇನೆಯ ಮೂಲ ಗೊತ್ತಾಗಿ ಏನಾಯಿತು? ಬೇನೆ ಏನೆಂದು ಗೊತ್ತಾದರೆ ಅಕ್ಕ ಉಳಿಯುತ್ತಾಳೆಂದು ನಾನು ಮೂರ್ಖಳ ಹಾಗೆ ನಂಬಿದ್ದೆ.

ಆ ಸಂಜೆಯೇ ಅತ್ತೆ ಬಾಗಿಲಿನ ಬೇವು ಕಿತ್ತು ಬಿಸಾಕಿದಳು. ದೇವಿ ಅಲ್ಲವಲ್ಲ, ಇನ್ನೇಕೆ? "ತಾಯಿ" ಎಂಬ ಮಾತು ನಿಂತು, "ಏನ ಕರ್ಮ ಮಾಡಿದ್ಲೋ, ಈ ವಾಸನಿ ತಡಿಯಾಕ ಆಗವಲ್ದು" ಎಂಬ ಮಾತು ಶುರುವಾಯಿತು. ಓಣಿಯ ಹೆಂಗಸರು ಬರುವುದನ್ನು ಬಿಟ್ಟರು. ಅವರು ಕೆಟ್ಟವರೆಂದು ಹೇಗೆ ಹೇಳಲಿ? ದೇವಿಗೆ ಗಾಳಿ ಹಾಕಿದರೆ ಪುಣ್ಯ. ಪುಡಿ ತಿಂದು ಕೊಳೆಯುತ್ತಿರುವ ಸೊಸೆಗೆ ಗಾಳಿ ಹಾಕಲು ಯಾರಿಗೆ ಹೊತ್ತಿದೆ? ಜೋಳದ ಹೊಲದಲ್ಲಿ ಕಳೆ ಇತ್ತು, ಮನೆಯಲ್ಲಿ ಮಕ್ಕಳಿದ್ದವು. ಮಾವ ಊಟ ಬಿಟ್ಟರು. ದನಗಳ ಗೋದಲಿಯ ಹತ್ತಿರ ಮೊಣಕಾಲಲ್ಲಿ ತಲೆ ಇಟ್ಟು ಕೂತವರು ಏಳಲಿಲ್ಲ. ಮಾವನೇ ಕೈಯಾರೆ ಸೊಸೆಗೆ ವಿಷ ಹಾಕಿದನಂತೆ ಎಂದು ಬಾವಿಕಟ್ಟೆಯಲ್ಲಿ ಆಗಲೇ ಮಾತು ಎದ್ದಿತ್ತು.

ಗಾಳಿ ಹಾಕಲು ಉಳಿದವಳು ನಾನೊಬ್ಬಳೇ. ನನ್ನ ಗಂಡ ನೀರು ಕುದಿಸಿ ತರುತ್ತಿದ್ದರು, ಬಾಳೆ ಎಲೆ ತರುತ್ತಿದ್ದರು. ಆದರೆ ಮೈದುನನಾದವನು ಬತ್ತಲೆ ಮಲಗಿದ ಅತ್ತಿಗೆಯ ಹತ್ತಿರ ಕೂಡುವಂತಿರಲಿಲ್ಲ. ಭಾವ ಒಮ್ಮೆ ಬಾಗಿಲವರೆಗೆ ಬಂದ, ನೋಡಿದ, ಬಾಯಿಗೆ ಧೋತ್ರದ ಚುಂಗು ಒತ್ತಿಕೊಂಡು ಹೋದವನು ಮತ್ತೆ ಬರಲಿಲ್ಲ. ನಾನು ಬಲಗೈಯಿಂದ ಬೀಸುವುದು, ಅದು ಸೋತರೆ ಎಡಗೈಯಿಂದ. ಅತ್ತ ಮಗ ಹಾಲಿಗೆ ಅಳುವುದು. ಎದ್ದು ಹೋದರೆ ಇತ್ತ ಅಕ್ಕನ ಗಂಟಲಿನಿಂದ ಒಂದು ಸಣ್ಣ ದನಿ ಬರುವುದು, ನೊಣ ಕೂತವೆಂದು. ಕೂತಲ್ಲೇ ನನಗೆ ಜೂಗರಿಕೆ ಬಂದು ಬೀಸಣಿಗೆ ಕೈಯಿಂದ ಬೀಳುತ್ತಿತ್ತು. ಎಚ್ಚೆತ್ತು ಮತ್ತೆ ಬೀಸುತ್ತಿದ್ದೆ. ದೇವರಿಗೆ ಬೈದೆ, ಪುಡಿಗೆ ಬೈದೆ, ಸುಮ್ಮನಿರದ ನನ್ನ ನಾಲಿಗೆಗೂ ಬೈದೆ. ನಾನು ಮಾತಾಡದಿದ್ದರೆ ಡಾಕ್ಟರರು ಅದೇ ಪುಡಿ ಕೊಡುತ್ತಿದ್ದರು, ಅಕ್ಕ ಅಂದೇ ಹೋಗುತ್ತಿದ್ದಳು. ಮಾತಾಡಿದ್ದರಿಂದ ಅವಳ ಸುತ್ತಲಿದ್ದ ಕೈಗಳೆಲ್ಲ ಹೋದವು. ಯಾವುದು ಲೇಸಾಗಿತ್ತು? ಹೇಳಿರಪ್ಪ ತಿಳಿದವರು.

ಹೀಗೇ ಕೆಲವು ದಿನ ಕಳೆದ ಮೇಲೆ ಒಂದು ಮುಂಜಾನೆ. ಅತ್ತೆ ಪಡಸಾಲೆಯಲ್ಲಿ ಹಸಿಮೆಣಸಿನಕಾಯಿ ತೊಟ್ಟು ಬಿಡಿಸುತ್ತಿದ್ದಳು, ಪಕ್ಕದ ಮನೆಯವಳು ಬೆಂಕಿ ಕೇಳಲು ಬಂದು ಹೊಸ್ತಿಲಲ್ಲಿ ನಿಂತಿದ್ದಳು. ನಾನು ಬೀಸುತ್ತಿದ್ದೆ. ಇದ್ದಕ್ಕಿದ್ದಂತೆ ಅಕ್ಕ ಕುತ್ತಿಗೆ ಎತ್ತಿದಳು. ಅಷ್ಟು ದಿನ ಪಿಸುದನಿಯೂ ಸರಿಯಾಗಿ ಬರದಿದ್ದ ಆ ಗಂಟಲಿನಿಂದ ಒಂದು ಗೊಗ್ಗರ ದನಿ ಬಂತು. ಅದು ಅವಳದೆಂದು ನನಗೇ ಗುರುತು ಸಿಗಲಿಲ್ಲ.

"ಬೇವ ಯಾರ ಕಿತ್ತವರು?"

ಅತ್ತೆಯ ಕೈಯಿಂದ ಮೊರ ಬಿತ್ತು.

"ನಾ ಗುಡ್ಡದಾಕಿ ಬಂದೇನಿ. ಪುಡಿಯಿಂದ ಅಂತೇನ? ಯಾವ ಪುಡಿ? ಮುದುಕಂದೇನೂ ತಪ್ಪಿಲ್ಲ. ನಾನ ಬಂದೇನಿ. ನನಗ ಗಾಳಿ ಹಾಕ್ರಿ."

"ತಪ್ಪಾತ ತಾಯೀ! ಹೊಟ್ಟ್ಯಾಗ ಹಾಕ್ಕೋ ತಾಯೀ! ಉಧೋ, ಉಧೋ!" ಎಂದು ಅತ್ತೆ ಉದ್ದಕ್ಕೆ ನೆಲಕ್ಕೆ ಬಿದ್ದಳು. ಬೆಂಕಿ ಕೇಳಲು ಬಂದವಳು ಓಣಿಗೆ ಓಡಿದಳು. ನೋಡನೋಡುವುದರಲ್ಲಿ ಮನೆ ತುಂಬಿತು. ಬೇವಿನ ಟೊಂಗೆ ಬಂದವು, ಅರಿಸಿನ ಬಂತು, ಮೊಸರು ಬಂತು. ಬಿಟ್ಟುಹೋದ ಹೆಂಗಸರೆಲ್ಲ ಕೆನ್ನೆ ಬಡಿದುಕೊಳ್ಳುತ್ತ ಬಂದು ಹಾಸಿಗೆಯ ಎರಡೂ ಬದಿಗೆ ಕೂತು ಬೀಸತೊಡಗಿದರು. ಗೋದಲಿಯಿಂದ ಮಾವ ಎದ್ದು ಬಂದರು. ಹೊಸ್ತಿಲ ಹೊರಗೆ ನಿಂತು, "ಏನಂದ್ಲು? ಪುಡಿಯಿಂದ ಅಲ್ಲ ಅಂದ್ಲೇನ?" ಎಂದು ಒಬ್ಬೊಬ್ಬರನ್ನೂ ಕೇಳಿದರು. ಅಲ್ಲವಂತೆ, ತಾಯಿಯೇ ಬಾಯಿಬಿಟ್ಟು ಹೇಳಿದಳಂತೆ ಎಂದು ಎಲ್ಲರೂ ಅಂದರು. ಅವರು ಅಲ್ಲೇ ಕುಸಿದು ಕೂತು, ರುಮಾಲಿನಲ್ಲಿ ಮುಖ ಮುಚ್ಚಿಕೊಂಡು ಗಟ್ಟಿಯಾಗಿ ಅತ್ತರು. ಅಂದು ಅಂಬಲಿ ಕುಡಿದರು.

ನನಗೂ ಒಂದು ಕ್ಷಣ ಮೈ ಜುಮ್ಮೆಂದಿತ್ತು. ಯಾರಿಗೆ ಗೊತ್ತು, ಡಾಕ್ಟರರೇ ತಪ್ಪಿದ್ದರೇನೋ, ನಾನೇ ತಪ್ಪಿದ್ದೆನೇನೋ. ಬೇವಿನ ಎಲೆ ಸರಿಪಡಿಸುವ ನೆಪದಲ್ಲಿ ಅವಳ ಮುಖದ ಹತ್ತಿರ ಬಾಗಿದೆ. ಅಂಟಿಕೊಂಡ ತುಟಿಗಳು ಸ್ವಲ್ಪವೇ ಬಿಚ್ಚಿದವು.

"ಮಂದಿ ಬಂತ?" ಅಂದಳು, ತನ್ನ ದನಿಯಲ್ಲಿ.

"ಬಂತ ಅಕ್ಕಾ."

"ನಿನ್ನ ಕೈ ಬಿದ್ದ ಹೋಗಿದ್ದುವು. ಬೀಸಣಿಗಿ ಬೀಳೂದು ಕೇಳಸ್ತಿತ್ತ ನನಗ. ಹೋಗು. ಕೂಸಿಗೆ ಹಾಲ ಕುಡಸಿ ಚೂರ ಅಡ್ಡಾಗು."

ನಾನು ಎದ್ದೆ. ಅಡುಗೆಮನೆಯಲ್ಲಿ ಬೀಸುಕಲ್ಲಿನ ಪಕ್ಕ ಮಗನನ್ನು ಮೊಲೆಗೆ ಹಚ್ಚಿಕೊಂಡು ಒರಗಿದವಳಿಗೆ ಹಾಗೆಯೇ ಕಣ್ಣು ಹತ್ತಿತು. ಅಷ್ಟು ದಿನದ ನಿದ್ದೆಯೆಲ್ಲ ಒಮ್ಮೆಗೇ ಬಂದಿತ್ತು. ನಿದ್ದೆಯಲ್ಲೂ ಆಚೆಯ ಉಧೋ ಕೇಳುತ್ತಿತ್ತು, ಬೇವಿನ ಸರಸರ ಕೇಳುತ್ತಿತ್ತು.

ಎಚ್ಚರಾದಾಗ ಮಧ್ಯಾಹ್ನ ತಿರುಗಿತ್ತು. ಪಡಸಾಲೆಗೆ ಬಂದೆ. ಹೆಂಗಸರು ತಲೆ ತಗ್ಗಿಸಿಕೊಂಡು ಬೀಸುತ್ತಿದ್ದರು, ಒಬ್ಬರ ಕೈ ಸೋತರೆ ಇನ್ನೊಬ್ಬರು ಟೊಂಗೆ ಇಸಿದುಕೊಳ್ಳುತ್ತಿದ್ದರು. ಒಂದು ನೊಣ ಹತ್ತಿರ ಬರುವಂತಿರಲಿಲ್ಲ. ದೇವಿಯ ಮುಖ ನೋಡಬಾರದೆಂದು ಯಾರೂ ಮುಖ ನೋಡಿರಲಿಲ್ಲ. ನಾನು ನೋಡಿದೆ. ಅಕ್ಕನ ಬಾಯಿ ಅರ್ಧ ತೆರೆದಿತ್ತು. ಎದೆಯ ಮೇಲಿನ ಬೇವಿನ ಎಲೆ ಏಳುತ್ತಿರಲಿಲ್ಲ, ಇಳಿಯುತ್ತಿರಲಿಲ್ಲ. ಪಾದ ಮುಟ್ಟಿದೆ. ಆರಿ ಎಷ್ಟೋ ಹೊತ್ತಾಗಿತ್ತು.

"ಸಾಕು. ಬೀಸೂದ ನಿಲ್ಲಸ್ರಿ" ಅಂದೆ.

ಅತ್ತೆ ತಲೆ ಎತ್ತದೆಯೇ ಕೇಳಿದಳು, "ಯಾಕ? ತಾಯಿ ಏನರ ಅಂದ್ಲೇನು?"